ಪುಟಿದದ್ದು ಎಷ್ಟು ಸಲ?

ಸ್ಕ್ವಾಷ್ ಆಟದಲ್ಲೊಂದು ಪದ್ಧತಿಯಿದೆ. ಚೆಂಡು ನೆಲದ ಮೇಲೆ ಎರಡು ಸಲ ಪುಟಿದ ಮೇಲೆ ಹೊಡೆದಿದ್ದರೆ, ರೆಫರಿಗೆ ಕಾಣದಿದ್ದರೂ ಹೊಡೆದವರೇ ಕೈ ಎತ್ತಿ ಒಪ್ಪಿಕೊಳ್ಳಬೇಕು. ಒಪ್ಪುವವರು ಕಡಿಮೆ, ಏನೂ ಅರಿಯದವರಂತೆ ರಾಕೆಟ್ಟಿನ ತಂತಿ ನೇವರಿಸಿಕೊಳ್ಳುವವರೇ ಹೆಚ್ಚು. ಚಾಂಪಿಯನಮ್ಮ ಮಾತ್ರ ಹದಿನಾಲ್ಕನೇ ವಯಸ್ಸಿನಿಂದ ಮೂವತ್ತೈದರವರೆಗೆ ಒಮ್ಮೆಯೂ ಹಾಗೆ ಜಾರಿಕೊಂಡವಳಲ್ಲ. ಆ ಅಡ್ಡಹೆಸರು ಇಟ್ಟವನು ಅವಳ ಸೋದರಮಾವ, ಆಟ ಕಲಿಸಿದವನೂ ಅವನೇ. ಅವಳು ಆರು ಸಲ ದೇಶದ ಕಪ್ ಗೆದ್ದರೂ ಅವನ ಗೇಲಿ ನಿಂತಿರಲಿಲ್ಲ.

ಇದರಿಂದ ಒಂದು ಎಡವಟ್ಟೂ ಆಗಿತ್ತು. ಅವಳ ಆಟಕ್ಕೆ ಕೂರುವ ರೆಫರಿಗಳು ಚೆಂಡು ನೋಡುವುದನ್ನೇ ಬಿಟ್ಟಿದ್ದರು. ಅನುಮಾನ ಬಂದರೆ ಅವಳ ಮುಖ ನೋಡುವುದು, ಅವಳು ಕೈ ಎತ್ತಿದರೆ ಅದೇ ತೀರ್ಪು. ಕುರ್ಚಿಯಲ್ಲಿ ಕೂತವರಿಗೆ ಇದಕ್ಕಿಂತ ಸುಖ ಬೇಕೇ?

ಅದುವರೆಗೆ ಯಾರೂ ಏಳು ಸಲ ಕಪ್ ಗೆದ್ದಿರಲಿಲ್ಲ. ಮಂಡಿ ನೋಡುವ ಡಾಕ್ಟರಮ್ಮ ಇದೇ ಕೊನೆಯ ವರ್ಷ ಎಂದು ಖಡಾಖಂಡಿತವಾಗಿ ಹೇಳಿಯಾಗಿತ್ತು. ಹಾಗಾಗಿ ಈ ಕಪ್ಪಿನ ಮೇಲೆ ಅವಳಿಗೆ ಬಾಯಿಬಿಟ್ಟು ಹೇಳಲು ನಾಚಿಕೆಯಾಗುವಷ್ಟು ಆಸೆ. ಫೈನಲ್‌ನಲ್ಲಿ ಎದುರಿಗಿದ್ದವಳು ಹತ್ತೊಂಬತ್ತರ ಹುಡುಗಿ, ಚಾಂಪಿಯನಮ್ಮನ ಕೈಯಲ್ಲೇ ಮೂರು ವರ್ಷ ಪಳಗಿದವಳು.

ಐದನೇ ಗೇಮ್. ಹುಡುಗಿಗೆ ಹತ್ತು, ಇವಳಿಗೆ ಒಂಬತ್ತು. ಇನ್ನೊಂದು ಪಾಯಿಂಟ್ ಸಿಕ್ಕರೆ ಕಪ್ ಹುಡುಗಿಯದು. ಹುಡುಗಿ ಚೆಂಡನ್ನು ಮುಂದಿನ ಮೂಲೆಗೆ ಮೆಲ್ಲಗೆ ಇಳಿಸಿದಳು. ಇವಳು ಬಿದ್ದೆನೋ ಎದ್ದೆನೋ ಎಂದು ಓಡಿ, ರಾಕೆಟ್ಟಿನಿಂದ ನೆಲ ಕೆರೆದಂತೆ ಅದನ್ನು ಎತ್ತಿ ಗೋಡೆಗೆ ಹಾಕಿದಳು. ಚೆಂಡು ಅಲ್ಲೇ ಮೂಲೆಯಲ್ಲಿ ಸತ್ತು ಬಿತ್ತು, ಹುಡುಗಿಗೆ ಸಿಗಲಿಲ್ಲ. ರೆಫರಿ ಹತ್ತು ಸಮ ಎಂದು ಕೂಗಿದ. ಕೂಗಿ, ಅಭ್ಯಾಸದಂತೆ ಅವಳ ಮುಖ ನೋಡಿದ.

ಅವಳಿಗೆ ಗೊತ್ತಿರಲಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ, ಚೆಂಡು ಒಂದು ಸಲ ಪುಟಿಯಿತೋ ಎರಡು ಸಲವೋ ಅವಳಿಗೆ ನಿಜವಾಗಿಯೂ ತಿಳಿಯಲಿಲ್ಲ. ಕಣ್ಣಿಗೆ ಬೆವರು ಇಳಿದಿತ್ತು, ಮಂಡಿ ಚೀರುತ್ತಿತ್ತು. ಗಾಜಿನ ಗೋಡೆಯಾಚೆ ಅಷ್ಟೂ ಜನ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಸುಮ್ಮನಿದ್ದರೆ ಆಟ ಉಳಿಯುತ್ತದೆ. ಆದರೆ ಸುಮ್ಮನಿರುವುದು ಪ್ರಾಮಾಣಿಕತೆಯೋ, ಕಪ್ಪಿನ ಆಸೆಯೋ? ಕೈ ಎತ್ತುವುದು ಪ್ರಾಮಾಣಿಕತೆಯೋ, ಸಾಕಾಯಿತೆನ್ನುತ್ತಿದ್ದ ಕಾಲಿನ ನೆಪವೋ? ತಲೆಯೆಲ್ಲ ಗೊಂದಲದ ಗೂಡು. ಯಾರನ್ನಾದರೂ ಕೇಳೋಣವೆಂದರೆ ಎಲ್ಲರೂ ಅವಳನ್ನೇ ಕೇಳುತ್ತಿದ್ದರು.

ಕೈ ಮೇಲೆ ಹೋಯಿತು. ತಾನು ಎತ್ತಿದಳೋ, ಅದೇ ಹೋಯಿತೋ, ಅದೂ ತಿಳಿಯಲಿಲ್ಲ.

ಆಮೇಲಿನ ಚಪ್ಪಾಳೆಯಲ್ಲಿ ಗೆದ್ದವಳನ್ನು ಜನ ಮರೆತೇಬಿಟ್ಟರು. ಎಂದೂ ಹೊಗಳದ ಸೋದರಮಾವ ಕಣ್ಣೊರೆಸಿಕೊಂಡು, ನೀನು ಅಪ್ಪಟ ಚಿನ್ನ ಕಣೇ ಎಂದ. ಪತ್ರಿಕೆಯವರು ಸತ್ಯ, ನಿಷ್ಠೆ ಎಂದೆಲ್ಲ ಕೇಳಿದರು. ಅವಳು ಹೂಂಗುಟ್ಟಿದಳು. ಒಳಗೊಳಗೇ ಕಳ್ಳಿಯಂತೆ ಅನ್ನಿಸುತ್ತಿತ್ತು. ಗೊತ್ತಿಲ್ಲದ್ದನ್ನು ಗೊತ್ತೆಂದು ಹೇಳಿದವಳು ಸತ್ಯವಂತೆ ಹೇಗಾದಾಳು?

ಬಟ್ಟೆ ಬದಲಿಸುವ ಕೋಣೆಯಲ್ಲಿ ಹುಡುಗಿ ಬೆಂಚಿನ ಮೇಲೆ ಕಪ್ಪನ್ನು ಪಕ್ಕಕ್ಕೆ ಸರಿಸಿ ಕೂತಿದ್ದಳು. ಗೆದ್ದವರ ಮುಖ ಅದಲ್ಲ.

"ಅಕ್ಕಾ, ಚೆಂಡು ಒಂದೇ ಸಲ ಪುಟಿದಿದ್ದು," ಎಂದಳು. "ನಾನು ಹಿಂದೇನೇ ಇದ್ದೆ, ಕಣ್ಣಾರೆ ನೋಡ್ದೆ. ನೀವು ಕೈ ಎತ್ತಿದ್ಮೇಲೆ ನನ್ನ ಕಣ್ಣೇ ಸರಿಯಿಲ್ವೇನೋ ಅಂದ್ಕೊಂಡು ಸುಮ್ಮನಾದೆ. ಈಗ ತಡ್ಕೊಳೋಕಾಗ್ತಿಲ್ಲ. ರೆಫರಿ ಇನ್ನೂ ಹೊರಗೇ ಇದಾರೆ. ಹೋಗಿ ಹೇಳ್ತೀನಿ, ಹತ್ತು ಸಮದಿಂದ ಮತ್ತೆ ಆಡೋಣ."

ಚಾಂಪಿಯನಮ್ಮ ಕಪ್ಪಿನತ್ತ ನೋಡಿದಳು. ಹಾಗಾದರೆ ಚೆಂಡನ್ನು ಸರಿಯಾಗೇ ಎತ್ತಿದ್ದಳು! ಆ ಕಾಲಲ್ಲಿ, ಆ ವಯಸ್ಸಲ್ಲಿ! ಏಳನೇ ಕಪ್ ಇನ್ನೂ ಬಾಗಿಲಾಚೆಯೇ ನಿಂತಿತ್ತು. ಹೂಂ ಎಂದರೆ ಸಾಕು. ಹುಡುಗಿ ಎದ್ದು ಬಾಗಿಲಿಗೆ ಕೈ ಹಾಕಿದಳು. ಇವತ್ತು ಕಪ್ ಮರಳಿಸಿದರೆ ಹೊಗಳುವವರು ಬೇಕಾದಷ್ಟು ಸಿಗುತ್ತಾರೆ. ನಾಳೆಯಿಂದ ಈ ಹುಡುಗಿಯ ಆಟಕ್ಕೂ ರೆಫರಿಗಳು ಚೆಂಡು ಬಿಟ್ಟು ಮುಖ ನೋಡುತ್ತಾರೆ.

"ಕೂತ್ಕೋ," ಎಂದಳು ಚಾಂಪಿಯನಮ್ಮ. "ಎರಡು ಸಲ ಪುಟಿದಿತ್ತು. ನಾನೇ ನೋಡಿದೀನಿ."

"ನಿಜವಾಗ್ಲೂ?"

"ನಾನು ಯಾವತ್ತಾದ್ರೂ ಸುಳ್ಳು ಹೇಳಿದೀನಾ?"

ಹುಡುಗಿ ಆ ಕ್ಷಣವೇ ನಂಬಿದಳು. ಮುಖ ಅರಳಿತು, ಕಪ್ಪನ್ನು ಎದೆಗೊತ್ತಿಕೊಂಡು ಅಮ್ಮನಿಗೆ ತೋರಿಸಲು ಓಡಿದಳು. ಚಾಂಪಿಯನಮ್ಮ ಬೆಂಚಿನ ಮೇಲೆ ಕುಸಿದು ಕೂತು ಬೂಟಿನ ದಾರ ಬಿಚ್ಚತೊಡಗಿದಳು. ಎಷ್ಟು ಬಿಚ್ಚಿದರೂ ಅದು ಗಂಟಾಗುತ್ತಲೇ ಹೋಯಿತು.