ಓನರಿಗೆ ಹೆದರಿದ ಓನರಮ್ಮ

ನಾಲ್ಕು ಮನೆಗಳ ಆ ಹಳೆಯ ಕಟ್ಟಡಕ್ಕೆ ಇಪ್ಪತ್ತೆಂಟು ಲಕ್ಷ. ನೋಂದಣಿಗೆ ಒಂದೂ ಮುಕ್ಕಾಲು ಲಕ್ಷ. ದಲ್ಲಾಳಿಗೆ ಇಪ್ಪತ್ತೆಂಟು ಸಾವಿರ, ಬಂದಾಗಲೆಲ್ಲ ಅವನು ಕುಡಿದ ಟೀ ಬೇರೆ. ವಕೀಲರಿಗೆ ಹನ್ನೆರಡು ಸಾವಿರ. ತಾರಸಿಯ ನೀರಿನ ಟ್ಯಾಂಕಿಗೆ ಒಂಬತ್ತು ಸಾವಿರ. ಕೈಯಿಂದ ಹಾಕಿದ್ದು ಹನ್ನೆರಡು ಲಕ್ಷ ಚಿಲ್ಲರೆ, ಬ್ಯಾಂಕಿನ ಸಾಲ ಹದಿನೆಂಟು ಲಕ್ಷ, ತಿಂಗಳ ಕಂತು ಹದಿನೆಂಟು ಸಾವಿರದ ಇನ್ನೂರೈವತ್ತು. ಮಹಡಿಯ ಒಂದು ಮನೆಯಲ್ಲಿ ತಾವಿದ್ದು ಉಳಿದ ಮೂರನ್ನು ಆರೂವರೆ ಸಾವಿರದಂತೆ ಬಾಡಿಗೆಗೆ ಕೊಟ್ಟರೆ ಹತ್ತೊಂಬತ್ತೂವರೆ ಸಾವಿರ. ಕಂತು ಕಟ್ಟಿ ಉಳಿಯುವುದು ಒಂದು ಸಾವಿರದ ಇನ್ನೂರೈವತ್ತು. ಮೂರರಲ್ಲಿ ಒಂದು ಮನೆ ಖಾಲಿ ಬಿದ್ದರೂ ಆ ತಿಂಗಳ ಕಂತು ತಪ್ಪಿತೆಂದೇ ಲೆಕ್ಕ. ಗಂಡನದು ಬಸ್ ಡ್ರೈವರ್ ಕೆಲಸ; ಅವನ ಸಂಬಳ ಮಗಳ ಹಾಸ್ಟೆಲ್ಲಿಗೂ ಮನೆ ಖರ್ಚಿಗೂ ಸರಿಹೋಗುತ್ತಿತ್ತು.

ಇದನ್ನೆಲ್ಲ ಟೈಲರಮ್ಮ ತನ್ನ ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿದ್ದಳು. ರಿಪೇರಿಗೆ ಎಂದು ಮಾತ್ರ ಒಂದು ಸಾಲೂ ಇರಲಿಲ್ಲ. ಮರೆತದ್ದಲ್ಲ, ಹೊಳೆಯಲೇ ಇಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷ, ಒಂಬತ್ತು ಬಾಡಿಗೆ ಮನೆ. ಅಲ್ಲೆಲ್ಲ ರಿಪೇರಿ ಎಂದರೆ ಓನರ್ ಮಾಡಿಸುವ, ಇಲ್ಲವೆ ಮಾಡಿಸದೆ ಬಿಡುವ ಸಂಗತಿ.

ಸ್ವಂತ ಮನೆಗೆ ಬಂದರೂ ಬಾಡಿಗೆಯ ಚಾಳಿ ಬಿಡಲಿಲ್ಲ. ಇಬ್ಬರೂ ಮೆತ್ತಗೆ ಹೆಜ್ಜೆ ಇಡುತ್ತಿದ್ದರು. ರಾತ್ರಿ ಒಂಬತ್ತು ಗಂಟೆಯ ಮೇಲೆ ಆಕೆ ಹೊಲಿಗೆ ಮಿಷನ್ ತುಳಿಯುತ್ತಿರಲಿಲ್ಲ. ಬಂದ ವಾರವೇ ಡ್ರೈವರ್ ಗಡಿಯಾರ ಹಾಕಲು ಸುತ್ತಿಗೆ ಹಿಡಿದು ನಿಂತಾಗ ಆಕೆ ಓಡಿಬಂದು ಅವನ ಕೈ ಹಿಡಿದಳು.

"ರೀ, ಮೊಳೆ ಹೊಡೀಬೇಡಿ. ಒಂದು ಮಾತು ಕೇಳ್ಬಿಡೋಣ."

"ಯಾರನ್ನ?"

ಆಕೆ ಬಾಗಿಲ ಕಡೆ ತಿರುಗಿ ನೋಡಿದಳು. ಅವನು ಸುತ್ತಿಗೆಯನ್ನು ಕೆಳಗಿಟ್ಟು ಕೈಮುಗಿದು, "ಓನರಮ್ಮ, ಒಂದೇ ಒಂದು ಮೊಳೆ. ಸಣ್ಣದು," ಅಂದ. ನಗು ತಡೆಯಲಾಗದೆ ಇಬ್ಬರೂ ನೆಲದ ಮೇಲೇ ಕೂತರು.

ಅವಳು ತನಗೆ ತಾನೇ ಒಂದು ಆಣೆ ಹಾಕಿಕೊಂಡಿದ್ದಳು: ಬಾಡಿಗೆಯವರ ಹೊಸಿಲು ದಾಟುವುದಿಲ್ಲ. ಹಿಂದೆ ಇದ್ದ ನಾಲ್ಕನೆಯ ಬಾಡಿಗೆ ಮನೆಯ ಓನರ್ ಹೆಂಗಸು ಹೇಳದೆ ಕೇಳದೆ ಒಳಗೆ ಬಂದು ಪಾತ್ರೆಯ ಮುಚ್ಚಳ ಎತ್ತಿ ನೋಡುತ್ತಿದ್ದಳು. ಅಂಥ ಓನರ್ ತಾನಾಗಬಾರದು. ಹಾಗಾಗಿ ತಿಂಗಳ ಐದಕ್ಕೆ ಬಾಡಿಗೆಯನ್ನು ಬಾಗಿಲಲ್ಲೇ ಇಸಿದುಕೊಂಡು, ಒಳಗೆ ಕಣ್ಣು ಹಾಯಿಸದೆ ಬಂದುಬಿಡುತ್ತಿದ್ದಳು.

ಮೂರನೆಯ ತಿಂಗಳು, ಆಕೆ ಹೊಲಿಯುವ ಕೋಣೆಯಲ್ಲಿ, ಬಚ್ಚಲಿನ ಪಕ್ಕದ ಗೋಡೆಯ ಬುಡದಲ್ಲಿ ಅಂಗೈಯಷ್ಟು ಒದ್ದೆ ಕಾಣಿಸಿತು. ಟೈಲರಮ್ಮ ಅದನ್ನು ಮುಟ್ಟಿ ನೋಡಿದಳು. ಆಮೇಲೆ ಎದ್ದು ಹೋಗಿ ಬ್ಯಾಂಕಿನವರು ಕೊಟ್ಟಿದ್ದ ಕ್ಯಾಲೆಂಡರ್ ತಂದು, ಮೊಳೆಯಿಲ್ಲದೆ ಟೇಪಿನಲ್ಲೇ ಅದರ ಮೇಲೆ ನೇತುಹಾಕಿದಳು. ಕೈ ತಾನಾಗಿ ಮಾಡಿದ ಕೆಲಸ ಅದು. ಎರಡನೆಯ ಬಾಡಿಗೆ ಮನೆಯಲ್ಲಿ ಮೋರಿ ಕಟ್ಟಿದೆ ಎಂದು ದೂರು ಹೇಳಿದ್ದಕ್ಕೆ, "ಕಷ್ಟ ಆದ್ರೆ ಬೇರೆ ಮನೆ ನೋಡ್ಕೊಳ್ಳಿ" ಎಂಬ ಉತ್ತರ ಬಂದು, ತುಂಬು ಬಸುರಿನಲ್ಲಿ ಸಾಮಾನು ಕಟ್ಟಿದ್ದಳು. ಆಮೇಲಿನ ಏಳು ಮನೆಗಳಲ್ಲಿ ಏನು ಸೋರಿದರೂ, ಬಿರಿದರೂ, ಉದುರಿದರೂ ಬಾಯಿಗೆ ಬೀಗ, ಗೋಡೆಗೆ ಕ್ಯಾಲೆಂಡರ್.

"ಅದೇನೇ, ಕ್ಯಾಲೆಂಡರ್ ಮೊಣಕಾಲಿನ ಎತ್ತರಕ್ಕೆ ಹಾಕಿದೀಯ? ಬೆಕ್ಕು ತಾರೀಖು ನೋಡುತ್ತಾ?" ಅಂದ ಡ್ರೈವರ್.

"ಕೂತು ಹೊಲಿಯೋಳಿಗೆ ಅಲ್ಲೇ ಕಾಣೋದು."

ಅವನೂ ಇಪ್ಪತ್ತೆರಡು ವರ್ಷದ ಬಾಡಿಗೆದಾರನೇ. ಹಿಂದೇನಿದೆ ಎಂದು ಎತ್ತಿ ನೋಡಲಿಲ್ಲ.

ಕೆಳಗಿನ ಮನೆಯಲ್ಲಿ, ಸರಿಯಾಗಿ ಆ ಗೋಡೆಯ ಅಡಿಯಲ್ಲಿ, ಒಬ್ಬ ನರ್ಸ್ ತನ್ನ ತಾಯಿಯ ಜೊತೆ ಇದ್ದಳು. ಹಳೆಯ ಮಾಲೀಕರ ಕಾಲದಿಂದಲೂ ಇದ್ದವಳು. ಮಾತು ಕಡಿಮೆ, ಬಾಡಿಗೆ ಒಂದು ದಿನ ತಡವಿಲ್ಲ. ಎಂಟನೆಯ ತಿಂಗಳು ಅವಳು ಬಿಳಿ ಕೋಟೊಂದನ್ನು ಹಿಡಿದು ಮೇಲೆ ಬಂದಳು.

"ಓನರಮ್ಮ, ಸೊಂಟದಲ್ಲಿ ಸ್ವಲ್ಪ ಬಿಡಿಸಿ ಕೊಡ್ತೀರಾ? ಬಿಗಿ ಆಗಿದೆ."

ಟೈಲರಮ್ಮ ಹೊಲಿಗೆ ಬಿಚ್ಚಲು ಕೋಟನ್ನು ತಿರುಗಿಸಿದಳು. ಮಡಿಕೆಯ ಉದ್ದಕ್ಕೂ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕಿ. ಮೂಗಿನ ಹತ್ತಿರ ಹಿಡಿದಳು.

"ಇದು ಬೂಷ್ಟು. ಬಟ್ಟೆ ಎಲ್ಲಿಡ್ತೀಯಮ್ಮ?"

"ಕಬೋರ್ಡಲ್ಲೇ. ಒಗೆದು ಸರಿಯಾಗಿ ಒಣಗಿಸಿಲ್ಲ ಅನ್ಸುತ್ತೆ."

"ಒಂದು ಸಲ ಒಣಗದಿದ್ರೆ ವಾಸನೆ ಬರುತ್ತೆ ಅಷ್ಟೆ, ಹೀಗೆ ಚುಕ್ಕಿ ಹಾಕಲ್ಲ. ಒದ್ದೆ ಗೋಡೆಗೆ ಒರಗಿದ ಕಬೋರ್ಡಿನ ಬಟ್ಟೆ ಹೀಗಾಗೋದು. ನಾನು ನೋಡದ ಬಟ್ಟೆನಾ?"

ನರ್ಸ್ ಕೋಟನ್ನು ಕೈಯಿಂದ ಕಸಿದುಕೊಂಡಂತೆ ತೆಗೆದುಕೊಂಡಳು. "ಬಿಡಿ, ಹೊಸದು ಹೊಲಿಸ್ಕೊಳ್ತೀನಿ."

ಆ ಗಾಬರಿ ಟೈಲರಮ್ಮನಿಗೆ ಗುರುತಿನದಾಗಿತ್ತು. ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟು ಹಿಂದೆಯೇ ಇಳಿದು ಹೋದಳು. ಹೊಸಿಲಲ್ಲಿ ನಿಂತು, "ಒಳಗೆ ಬರ್ಲಾ ತಾಯಿ?" ಎಂದು ಕೇಳಿದಳು. ನರ್ಸಿಗೆ ಬೇಡ ಎನ್ನಲು ಬರಲಿಲ್ಲ.

ಕೋಣೆಯ ಕಬೋರ್ಡನ್ನು ಇಬ್ಬರೂ ಸೇರಿ ಎಳೆದರು. ಹಿಂದಿನ ಗೋಡೆ ಮೇಲಿಂದ ಕೆಳತನಕ ಕಪ್ಪಾಗಿತ್ತು. ಗಾರೆ ಉಬ್ಬಿ, ಬೆರಳು ತಾಗಿದರೆ ಪುಡಿಯಾಗಿ ಉದುರುತ್ತಿತ್ತು. ಎರಡು ಮಾರು ಆಚೆ ಮಂಚದ ಮೇಲೆ ನರ್ಸಿನ ತಾಯಿ ದಿಂಬಿಗೆ ಒರಗಿ ಕೂತಿದ್ದರು. ಉಸಿರು ಎಳೆದರೆ ಎದೆಯೊಳಗೆ ಸಿಳ್ಳೆ ಹೊಡೆದಂತೆ ಸದ್ದು.

"ಎಷ್ಟು ದಿನದಿಂದ ಹೀಗೆ?"

"ನಾಲ್ಕೈದು ತಿಂಗಳಾಯ್ತು. ನಾವೇನೂ ಮಾಡಿದ್ದಲ್ಲ ಓನರಮ್ಮ, ನೀರು ಚೆಲ್ಲಿಲ್ಲ, ಏನಿಲ್ಲ. ನಾನೇ ದುಡ್ಡು ಹಾಕಿ ಬಣ್ಣ ಹೊಡೆಸಿಕೊಡ್ತೀನಿ. ಮನೆ ಖಾಲಿ ಮಾಡಿ ಅಂತ ಮಾತ್ರ ಅನ್ಬೇಡಿ. ಆಸ್ಪತ್ರೆ ಇಲ್ಲೇ ಹತ್ತು ಹೆಜ್ಜೆ. ಅಮ್ಮನಿಗೆ ಉಸಿರು ಕಟ್ಟಿದ್ರೆ ನಾನು ಓಡಿ ಬರ್ಬೇಕು. ದೂರ ಹೋದ್ರೆ ಆಗಲ್ಲ."

ತನ್ನ ಮುಂದೆ ಒಬ್ಬಳು ಹೀಗೆ ಕೈ ಹಿಸುಕಿಕೊಂಡು ನಿಲ್ಲಬಹುದು ಎಂದು ಟೈಲರಮ್ಮ ಕನಸಿನಲ್ಲೂ ಎಣಿಸಿರಲಿಲ್ಲ. ಮುಚ್ಚಳ ಎತ್ತಬಾರದೆಂದು ಹೊರಗೇ ನಿಂತಿದ್ದಳು. ಆ ಮರ್ಯಾದೆಯ ಒಳಗೆ ಒಂದು ಮುದಿ ಜೀವ ಐದು ತಿಂಗಳು ಒದ್ದೆ ಗೋಡೆಯ ಗಾಳಿ ಕುಡಿದಿತ್ತು.

"ಬಾ ನನ್ ಜೊತೆ," ಎಂದು ನರ್ಸನ್ನು ಕೈಹಿಡಿದು ಮೇಲೆ ಕರೆತಂದಳು. ಹೊಲಿಗೆ ಕೋಣೆಯಲ್ಲಿ ಬಗ್ಗಿ ಕ್ಯಾಲೆಂಡರ್ ಎತ್ತಿದಳು. ಅಂಗೈಯಷ್ಟಿದ್ದದ್ದು ಮೊರದಷ್ಟಾಗಿತ್ತು.

ನರ್ಸ್ ಗೋಡೆಯನ್ನು ನೋಡಿದಳು, ಟೈಲರಮ್ಮನನ್ನು ನೋಡಿದಳು. "ನಾನೇನೋ ನಿಮಗೆ ಹೆದರಿ ಮುಚ್ಚಿಟ್ಟೆ. ನೀವು ಯಾರಿಗೆ ಹೆದರಿದ್ರಿ?"

"ಓನರಿಗೆ ಕಣಮ್ಮ," ಅಂದಳು ಟೈಲರಮ್ಮ.

ನರ್ಸಿಗೆ ನಗು ಬಂತು. ನಗುತ್ತಾ ನಗುತ್ತಾ ಅಳು ಬಂತು. ಟೈಲರಮ್ಮ ಮಿಷನ್ ಮೇಲಿದ್ದ ಲೈನಿಂಗ್ ಬಟ್ಟೆಯ ತುಂಡಿನಿಂದಲೇ ಅವಳ ಮುಖ ಒರೆಸಿದಳು.

ಅವತ್ತು ಸಂಜೆಯೇ ನರ್ಸಿನ ತಾಯಿಯ ಮಂಚ ಮೇಲಕ್ಕೆ, ಟೈಲರಮ್ಮನ ಮಲಗುವ ಕೋಣೆಗೆ ಬಂತು. ಡ್ರೈವರ್ ಅದನ್ನು ಹೊತ್ತು ತಂದು, "ಅಮ್ಮಾ, ಈ ಮನೆಯಲ್ಲಿ ಒಂದೇ ಕಾನೂನು. ಓನರಮ್ಮನ ಹತ್ರ ಮೊಳೆ ಹೊಡೀತೀನಿ ಅನ್ಬೇಡಿ, ಹೆದರ್ಕೊಳ್ತಾಳೆ," ಅಂದ. ಮುದುಕಿ ಕೆಮ್ಮುತ್ತಲೇ ನಕ್ಕರು.

ಮರುದಿನ ಬಂದ ಪ್ಲಂಬರ್ ಬಚ್ಚಲ ಗೋಡೆ ಒಡೆದು, ಪೈಪಿನ ಮೂಲೆಯ ಜೋಡಣೆಯಲ್ಲಿ ಸೂಜಿ ತೂರುವಷ್ಟು ತೂತನ್ನು ತೋರಿಸಿದ.

"ಐದು ತಿಂಗಳ ಹಿಂದೆ ಕರೆದಿದ್ರೆ ಆರುನೂರು ರೂಪಾಯಿ ಕೆಲಸ. ಏನ್ ಅಣ್ಣಾ, ಬಸ್ಸಲ್ಲಿ ಆಯಿಲ್ ಸೋರಿದ್ರೆ ಟವೆಲ್ ಹೊದಿಸಿ ಓಡಿಸ್ತೀರಾ?"

"ಬಸ್ಸು ನಂದಲ್ವಲ್ಲಪ್ಪ, ಅದಕ್ಕೇ ತಕ್ಷಣ ಹೇಳ್ತೀನಿ," ಅಂದ ಡ್ರೈವರ್.

ಎರಡು ಅಂತಸ್ತಿನ ಗೋಡೆಯ ಗಾರೆ ಕೆತ್ತಿ, ಒಣಗಿಸಿ, ಮತ್ತೆ ಮೆತ್ತಿ, ಬಣ್ಣ ಹೊಡೆಯಲು ಮೂರು ವಾರ ಹಿಡಿಯಿತು. ಅಷ್ಟೂ ದಿನ ತಾಯಿ ಮಗಳು ಮಹಡಿಯಲ್ಲೇ ಇದ್ದರು. ಟೈಲರಮ್ಮ ಮಿಷನ್ ಹೊರಗೆ ಪಡಸಾಲೆಗೆ ಹಾಕಿಕೊಂಡಳು. ಐದನೆಯ ತಾರೀಖು ನರ್ಸ್ ಬಾಡಿಗೆ ತಂದಾಗ, "ಇರೋದು ನನ್ನ ಮನೇಲಿ, ಬಾಡಿಗೆ ಯಾವುದಕ್ಕೆ?" ಎಂದು ವಾಪಸು ಕೊಟ್ಟಳು. ನರ್ಸ್ ಒಳಗೆ ಹೋದ ಮೇಲೆ ಡ್ರೈವರ್ ದನಿ ತಗ್ಗಿಸಿ, "ಕಂತು?" ಎಂದ. ಆಕೆ ಕೈಯ ಚಿನ್ನದ ಬಳೆ ಕಳಚಿ ಮಿಷನ್ ಮೇಲಿಟ್ಟಳು. ಅವನು ಅವನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಚಿನ್ನದಂಗಡಿಗೆ ಹೊರಟ.

ಆ ತಿಂಗಳು ಉಳಿದೆರಡು ಮನೆಗಳಲ್ಲೂ ಬಾಡಿಗೆ ಇಸಿದುಕೊಳ್ಳುವ ಮೊದಲು ಟೈಲರಮ್ಮ ಬಾಗಿಲಲ್ಲಿ ನಿಂತು ಕೇಳಿದಳು: "ಏನು ಮುಚ್ಚಿಟ್ಟಿದೀರಿ? ಹೇಳಿಬಿಡಿ." ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಬಹಳ ಹೊತ್ತು ಯೋಚಿಸಿ, ಒಂದು ಕಿಟಕಿಯ ಚಿಲಕ ಅಂದರು. ಸೈಕಲ್ ಅಂಗಡಿಯ ಅಣ್ಣತಮ್ಮಂದಿರು ಹನ್ನೊಂದು ಐಟಂಗಳ ಪಟ್ಟಿ ಕೊಟ್ಟರು. ಅದರಲ್ಲಿ ನಾಲ್ಕು ಅವರೇ ಮುರಿದದ್ದು. ಏಳನ್ನು ಮಾಡಿಸಿಕೊಟ್ಟಳು. ಆ ನಾಲ್ಕನ್ನು ಅವರ ಕೈಯಲ್ಲೇ ಮಾಡಿಸಿದಳು.

ಗೋಡೆಗೆ ಹೋದದ್ದು ಮೂವತ್ತೊಂದು ಸಾವಿರದ ನಾನೂರು, ಒಂದು ತಿಂಗಳ ಬಾಡಿಗೆ, ಒಂದು ಜೊತೆ ಬಳೆ. ಬಳೆ ಮತ್ತೆ ಮಾಡಿಸಲು ಆಗಲಿಲ್ಲ. ನರ್ಸಿನ ತಾಯಿಯ ಎದೆ ಪೂರ್ತಿ ಸರಿಹೋಗಲಿಲ್ಲ. ಆದರೆ ರಾತ್ರಿ ಮಲಗಿ ನಿದ್ದೆ ಮಾಡುವಷ್ಟಾಯಿತು, ಆ ಮನೆಯಲ್ಲೇ ಇನ್ನೂ ಆರು ವರ್ಷ ಬದುಕಿದರು. ಸಾಲ ತೀರುವತನಕ ನರ್ಸ್ ಮನೆ ಬಿಡಲಿಲ್ಲ, ಆ ಮನೆ ಮತ್ತೆ ಒಂದು ತಿಂಗಳೂ ಖಾಲಿ ಬೀಳಲಿಲ್ಲ.