ಹನ್ನೊಂದು ಕಡೆ ಸೋರುವ ಹಬೆ

ಈ ಕಥೆಯನ್ನು ಹೊಗೆಯಿಂದ ಶುರುಮಾಡಲೇ, ಮನುಷ್ಯನಿಂದಲೇ? ಹೊಗೆಯಿಂದ ಶುರುವಾದ ಮೊದಲ ಡ್ರಾಫ್ಟು ಹೀಗಿತ್ತು: ‘ಪರಿಸರವನ್ನು ಉಳಿಸುವುದು ನಮ್ಮೆಲ್ಲರ ಕರ್ತವ್ಯ.’ ಓದಿ ನನಗೇ ಆಕಳಿಕೆ ಬಂತು, ಹರಿದು ಹಾಕಿದೆ. (ರೀಸೈಕಲ್ ಬುಟ್ಟಿಗೇ ಹಾಕಿದ್ದೇನೆ, ಗಾಬರಿಯಾಗಬೇಡಿ.)

೧

ಸರಿ, ಮನುಷ್ಯನಿಂದಲೇ. ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ. ಅದರ ಹಿಂಭಾಗದಲ್ಲಿ ಎರಡು ಬಾಯ್ಲರು. ಒಂದನ್ನು ಮೇಸ್ತ್ರಿ ನೋಡಿಕೊಳ್ಳುತ್ತಾರೆ, ಇನ್ನೊಂದನ್ನು ಅವರ ಬಾಮೈದ. ಗೋಡೆಯುದ್ದಕ್ಕೂ ಹಬೆಯ ಪೈಪುಗಳು, ಅವಕ್ಕೆ ಅಲ್ಲಲ್ಲಿ ಟ್ರ್ಯಾಪ್ ಎಂಬ ಮುಷ್ಟಿಗಾತ್ರದ ಸಾಧನ, ಒಟ್ಟು ಇನ್ನೂರ ಚಿಲ್ಲರೆ. ತಣಿದು ನೀರಾದದ್ದನ್ನು ಹೊರಗೆ ಬಿಟ್ಟು ಹಬೆಯನ್ನು ಒಳಗೇ ತಡೆಯುವುದು ಅದರ ಕೆಲಸ. ಕೆಟ್ಟರೆ ಹಬೆಯೂ ಪರಾರಿ, ಅಷ್ಟನ್ನು ತುಂಬಿಕೊಡಲು ಬಾಯ್ಲರು ಇನ್ನಷ್ಟು ಡೀಸೆಲ್ ಸುಡುತ್ತದೆ. ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಟ್ರ್ಯಾಪಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕೇಳಿದರೆ ಸಾಕು, ಕೆಟ್ಟಿದೆಯೋ ಇಲ್ಲವೋ ಹೇಳಿಬಿಡುತ್ತಾರೆ. ಸದ್ಯ ಹನ್ನೊಂದು ಕೆಟ್ಟಿವೆ.

೨

ಹೊಗೆ ಕಡಿಮೆ ಮಾಡಲು ಐಡಿಯಾ ಕೊಡಿ ಎಂದು ಮ್ಯಾನೇಜರ್ ಮೇಡಂ ಎಲ್ಲರಿಗೂ ಚೀಟಿ ಹಂಚಿದರು. ‘ಲೈಟ್ ಆರಿಸಿ’ ಎಂದು ಹದಿನಾಲ್ಕು ಜನ ಬರೆದರು. ಮೇಸ್ತ್ರಿ ಏನೂ ಬರೆಯಲಿಲ್ಲ.

“ಬರೀರಿ ಮೇಸ್ತ್ರಿ,” ಎಂದೆ. “ಇಲ್ಲದಿದ್ರೆ ನನ್ನ ಕಥೆ ಮುಂದಕ್ಕೇ ಹೋಗಲ್ಲ.”

“ನಿಮಗೇನು ಸ್ವಾಮಿ, ಕೂತಲ್ಲೇ ಬರೀತೀರಿ. ಹನ್ನೊಂದೂ ಸರಿಹೋದ್ರೆ ಒಂದೇ ಬಾಯ್ಲರ್ ಸಾಕು. ಇನ್ನೊಂದು ಬಂದ್. ಬಾಮೈದನ್ನ ಮನೆಗೆ ಕಳಿಸ್ತಾರೆ. ಆಮೇಲೆ ನಾನು ಹೆಂಡ್ತಿಗೆ ಮುಖ ತೋರಿಸೋದು ಹೇಗೆ?”

ಬಾಮೈದನನ್ನೇ ಕಥೆಯಿಂದ ತೆಗೆದುಬಿಡೋಣ ಎಂದುಕೊಂಡೆ. ಮೇಸ್ತ್ರಿ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡರು. ಬಾಮೈದ ಉಳಿದುಕೊಂಡ.

(ಮುಂದಿನ ಭಾಗವನ್ನು ಎರಡು ಸಲ ಬರೆದು ಕೈಬಿಟ್ಟಿದ್ದೇನೆ. ಒಂದರಲ್ಲಿ ಮೇಸ್ತ್ರಿ ಭೂಮಿಯ ಬಗ್ಗೆ ಭಾಷಣ ಮಾಡುತ್ತಿದ್ದರು. ಅರ್ಧಕ್ಕೆ ಅವರಿಗೇ ನಗು ಬಂತು.)

ಕೊನೆಗೆ ನಾನು ಪೆನ್ನು ಕೆಳಗಿಟ್ಟೆ, ಅವರು ಕೆಲಸಕ್ಕಿಳಿದರು. ಒಂದು ವಾರ ಬಾಮೈದನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಪೈಪಿನ ಸದ್ದು ಕೇಳುವುದನ್ನು ಕಲಿಸಿದರು. ಆಮೇಲೆ ಒಂದೇ ಒಂದು ಟ್ರ್ಯಾಪ್ ಬದಲಾಯಿಸಿದರು. ಮರುದಿನ ಸಂಜೆ ಟ್ಯಾಂಕಿನಲ್ಲಿ ಡೀಸೆಲ್ ಎಂದಿಗಿಂತ ಒಂದು ಬೆರಳು ಮೇಲಿತ್ತು. ಮೇಸ್ತ್ರಿ ಹೋಗಿ ಮೇಡಂರನ್ನು ಕರೆತಂದು ತೋರಿಸಿದರು.

“ಇದು ಒಂದರಿಂದ ಉಳಿದಿದ್ದು ಮೇಡಂ. ಇನ್ನೂ ಹತ್ತು ಕೆಟ್ಟಿವೆ. ಸರಿಮಾಡಿದ್ರೆ ಒಂದು ಬಾಯ್ಲರನ್ನೇ ಆರಿಸಬಹುದು. ಆದ್ರೆ ಇವು ಮತ್ತೆ ಕೆಡ್ತವೆ, ವಾರವಾರ ಕಿವಿಗೊಟ್ಟು ಕೇಳೋಕೆ ಒಬ್ಬ ಬೇಕು. ನಮ್ಮ ಬಾಮೈದನಿಗೆ ಆ ಕೆಲಸ ಅಂತ ಬರೆದುಕೊಡಿ. ಹತ್ತೂ ಎಲ್ಲಿವೆ ಅಂತ ತೋರಿಸ್ತೀನಿ.”

“ಹೊರಗಿನವರನ್ನ ಕರೆಸಿದ್ರೆ ಅವರೂ ಹುಡುಕ್ತಾರಲ್ಲ?”

“ಹುಡುಕಲಿ ಮೇಡಂ. ಅವರು ಗೇಟ್ ದಾಟಿದ ಮೇಲೆ ಹನ್ನೆರಡನೇದು ಕೆಡುತ್ತೆ.”

ನನಗೆ ಈ ಮನುಷ್ಯನ ಮೇಲೆ ಹೆಮ್ಮೆಯೆನಿಸಿತು. ಈ ಮಾತು ನಾನು ಬರೆದದ್ದಲ್ಲ.

೩

ಕೊನೆ ಅ: ಮೇಡಂ ಸಹಿ ಹಾಕುತ್ತಾರೆ, ಒಂದು ಚಿಮಣಿ ತಣ್ಣಗಾಗುತ್ತದೆ, ಬಾಮೈದ ಸ್ಕ್ರೂಡ್ರೈವರ್ ಹಿಡಿದು ಹೊರಡುತ್ತಾನೆ.

ಕೊನೆ ಆ: ಹೊರಗಿನವರು ಬರುತ್ತಾರೆ, ಭಾವ-ಬಾಮೈದ ಇಬ್ಬರೂ ಮನೆಗೆ.

ಓದುಗರೇ, ನಿಮಗೆ ಯಾವುದು ಬೇಕೆಂದು ಗೊತ್ತು. ನನಗೂ ಅದೇ ಬೇಕು. ಬರೆಯಲು ಕೂತೆ.

“ತಡೀರಿ,” ಎಂದರು ಮೇಸ್ತ್ರಿ. “ಮೇಡಂ ಇನ್ನೂ ಯೋಚ್ನೆ ಮಾಡ್ತಿದ್ದಾರೆ. ನೀವು ಆಯ್ತು ಅಂತ ಬರೆದುಬಿಟ್ರೆ ಓದೋರೆಲ್ಲ ಎದ್ದು ಹೋಗ್ತಾರೆ. ಇಷ್ಟು ಜನ ನೋಡ್ತಿರೋವಾಗ ಮೇಡಂಗೆ ಇಲ್ಲ ಅನ್ನೋದು ಕಷ್ಟ.”

“ಆ ಹತ್ತು ಎಲ್ಲಿವೆ ಅಂತ ನನಗಾದ್ರೂ ಹೇಳಿ.”

“ನಿಮಗೆ ಹೇಳಿದ್ರೆ ಅಚ್ಚಾಗುತ್ತೆ.”

ಹಾಗಾಗಿ ಎಲ್ಲರೂ ನಿಂತಿದ್ದೇವೆ. ಬಾಮೈದ ಬಾಗಿಲಲ್ಲಿ, ಮೇಸ್ತ್ರಿ ಮೇಡಂ ಅವರ ಮೇಜಿನ ಮುಂದೆ. ಮೇಡಂ ಪೆನ್ನಿನ ಕ್ಯಾಪ್ ತೆಗೆದಿದ್ದಾರೆ, ಇನ್ನೂ ಏನೂ ಬರೆದಿಲ್ಲ. ನೀವೂ ಸ್ವಲ್ಪ ಇಲ್ಲೇ ಇರಿ.