ಕಣ್ಣಿಗೊಬ್ಬ ಬದಲಿ ಆಳು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಓದುವವರಿಗೆ ಸಲೀಸು. ಸಿಂಧನೂರಿನ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ನಾನು ಆರೋಗ್ಯಮಿತ್ರ. ಸರಕಾರದ ಆರೋಗ್ಯ ಕಾರ್ಡ್ ಹಿಡಿದು ಬಂದವರ ವಿವರ ಬರೆದುಕೊಂಡು, ಮೇಲಿನಿಂದ ಮಂಜೂರಾತಿ ತರಿಸಿ, ಅವರ ಕೈಯಿಂದ ದುಡ್ಡು ಹೋಗದಂತೆ ಆಪರೇಷನ್ ಮಾಡಿಸುವುದು ನನ್ನ ಕೆಲಸ. ಹೆಸರು ಸಂಘಮಿತ್ರಾ, ಊರು ಮಸ್ಕಿ. ದಿನಾ ಅಲ್ಲಿಂದ ಬಸ್ಸಿನಲ್ಲಿ ನಿಂತುಕೊಂಡೇ ಬರುತ್ತೇನೆ. ಸಿಟ್ಟಿಗೆ ಅದೂ ಒಂದು ಕಾರಣ.

ಕಾರ್ಡ್ ಬರುವ ಮುಂಚೆ ಈ ಆಸ್ಪತ್ರೆ ಹೇಗಿತ್ತೆಂದು ಗೇಟಿನ ಹೊರಗೆ ಚಹಾ ಮಾರುವ ಹುಸೇನ್‌ಸಾಬ್ ಕಾಕಾನನ್ನು ಕೇಳಬೇಕು. ಬೆಂಚುಗಳ ಮೇಲೆ ನಾಯಿ ಮಲಗುತ್ತಿತ್ತಂತೆ. ಜನ ಬಾಗಿಲ ತನಕ ಬರುತ್ತಿದ್ದರು, ಖರ್ಚು ಎಷ್ಟೆಂದು ಕೇಳುತ್ತಿದ್ದರು, ‘ಸುಗ್ಗಿ ಮುಗಿಸ್ಕೊಂಡು ಬರ್ತೀವ್ರೀ’ ಎಂದು ಹೇಳಿ ಹೋಗುತ್ತಿದ್ದರು. ಮತ್ತೆ ಬರುತ್ತಿರಲಿಲ್ಲ. ಈಗ ನಾಯಿಗೂ ಜಾಗವಿಲ್ಲ, ಕಾಕಾ ಚಹಾದ ಜೊತೆ ಇಡ್ಲಿಯನ್ನೂ ಶುರು ಮಾಡಿದ್ದಾನೆ.

ಇಷ್ಟೆಲ್ಲ ಆದ ಮೇಲೂ ಜನ ಏನಾದರೊಂದು ಎಡವಟ್ಟು ಮಾಡಿಕೊಂಡು ಬಂದರೆ ನನ್ನ ತಲೆ ಕೆಡುತ್ತದೆ. ನನ್ನ ಅಜ್ಜಿಗೆ ಈ ಕಾರ್ಡ್ ಇರಲಿಲ್ಲ. ಮಸ್ಕಿಯ ನಮ್ಮ ಮನೆಯ ಹೊಸ್ತಿಲಲ್ಲಿ ಕೂತು, ಬಂದವರ ಹೆಜ್ಜೆಯ ಸಪ್ಪಳದ ಮೇಲೆ ಹೆಸರು ಹೇಳುತ್ತಿದ್ದಳು. ಅದನ್ನೊಂದು ಜಾಣತನವೆಂದು ನಾವು ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದೆವು. ಅವಳಿಗಿದ್ದದ್ದು ಬರೀ ಪೊರೆ ಎಂದು ನನಗೆ ತಿಳಿದದ್ದು ಈ ಕೆಲಸಕ್ಕೆ ಸೇರಿದ ಮೇಲೆ.

ಈ ಸಲದ ಮಳೆಗಾಲ. ಕಾಲುವೆಗೆ ನೀರು ಬಿಟ್ಟಿದ್ದರು, ಎಲ್ಲ ಕಡೆ ಭತ್ತದ ನಾಟಿ ಜೋರಾಗಿತ್ತು. ಅವತ್ತು ಆಪರೇಷನ್ನಿಗೆ ಮಂಜೂರಾದವರಲ್ಲಿ ಜವಳಗೇರಾದ ಆದಮ್ಮ ಮೊದಲಿನವಳು. ನಾನು ಕೂಗಿದೆ.

“ಆದಮ್ಮ!”

ಯಾರೂ ಏಳಲಿಲ್ಲ. ಇನ್ನೊಮ್ಮೆ ಗಂಟಲು ಹರಿಯುವಂತೆ ಕೂಗಿದೆ. ಮುಂದಿನ ಬೆಂಚಿನಲ್ಲಿದ್ದ ಹೆಂಗಸೊಬ್ಬಳು ಕೈಯಲ್ಲಿ ಕಾರ್ಡ್ ಹಿಡಿದುಕೊಂಡು, ಸೆರಗು ಸರಿಮಾಡಿಕೊಂಡು, ಬಲು ಮರ್ಯಾದೆಯಿಂದ ಹೇಳಿದಳು.

“ಆಕಿ ಹೊಲದಾಗ ಅದಾಳ್ರೀ.”

“ಮತ್ತ ಕಾರ್ಡ್ ನಿನ್ನ ಕೈಯಾಗ ಹೆಂಗ ಬಂತು?”

“ನಾ ಆಕಿ ಬದಲಿ ಬಂದೀನ್ರೀ. ನಾ ಶಿವಲಿಂಗಮ್ಮ, ಆಕಿ ನೆಗೆಣ್ಣಿ. ಒಂದs ಮನಿ.”

ಒಂದೇ ಮನೆಯ ಸೊಸೆಯಂದಿರು ಎಂಬುದೇನೋ ಸರಿ. ನಾನು ಪೆನ್ನು ಕೆಳಗಿಟ್ಟೆ.

“ಯಮ್ಮಾ, ಕಣ್ಣಿನ ಆಪರೇಷನ್‌ಗೆ ಬದಲಿ ಬರ್ತಾರೇನು?”

“ನಾಟಿಗೆ ಬರ್ತೀವಲ್ರೀ,” ಎಂದಳು ಅವಳು, ತಪ್ಪೆಲ್ಲ ನನ್ನದೇ ಎಂಬಂತೆ. “ಒಬ್ಬಾಕಿ ಬರ್ಲಿಲ್ಲಂದ್ರ ಆ ಮನಿಯಾಗಿನ ಇನ್ನೊಬ್ಬರು ಸಾಲು ಹಿಡೀಬೇಕು. ಇಲ್ಲಾಂದ್ರ ಗ್ಯಾಂಗಿನಾಗ ಜಾಗ ಹೋಕ್ಕೈತಿ. ಇಲ್ಲೂ ಪಾಳಿ ಹೋದ್ರ ಮತ್ತ ಸಿಗಂಗಿಲ್ಲ ಅಂತ ನಮ್ಮ ಭಾವ ನನ್ನ ಕಳಿಸಿದ. ಅಕ್ಕ ಗ್ಯಾಂಗಿನಾಗ ಮುಂದಿನಾಕಿ ನೋಡ್ರೀ, ಆಕಿ ಬಿಟ್ಟು ಬರಾಕ ಆಗಂಗಿಲ್ಲ. ನಾ ಅರ್ಧ ದಿನ ಕೇಳ್ಕೊಂಡು ಬಂದೀನ್ರೀ.”

“ಆಕಿ ಅಂತ ತಿಳ್ಕೊಂಡು ನಿನ್ನ ಕಣ್ಣು ಕೊಯ್ದಿದ್ರ?”

ಶಿವಲಿಂಗಮ್ಮ ಸ್ವಲ್ಪ ಯೋಚಿಸಿದಳು. “ಕೊಯ್ಲಿ ಬಿಡ್ರೀ. ನನಗೂ ಮಂಜs ಕಾಣ್ತೈತಿ. ವಯಸ್ಸಾದ ಮ್ಯಾಲ ಎಲ್ಲಾರಿಗೂ ಹಂಗs ಅಲ್ರೀ?”

ಬೆಂಚುಗಳಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಅವಳು ಮಾತಾಡುತ್ತಿದ್ದದ್ದು ನನ್ನ ಜೊತೆ, ಮುಖ ಇದ್ದದ್ದು ನನ್ನ ಪಕ್ಕದ ನೀರಿನ ಡ್ರಮ್ಮಿನ ಕಡೆ. ರಟ್ಟೆ ಹಿಡಿದು ಎಬ್ಬಿಸಿಕೊಂಡು ಒಳಗೆ ಡಾಕ್ಟರ್ ಮೆಹರಬಾನು ಅವರ ಮುಂದೆ ಕೂರಿಸಿದೆ.

ಡಾಕ್ಟರು ದೀಪ ಬಿಟ್ಟು ನೋಡಿದರು. ಇನ್ನೊಂದು ಕಣ್ಣನ್ನೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಆದಮ್ಮನ ಕಣ್ಣು ನಾಟಿ ಮುಗಿಯೋ ತನಕ ಕಾಯಬಹುದು. ಇವರದು ಕಾಯಂಗಿಲ್ಲ. ಪೊರೆ ಬಲಿತು ಒಳಗೆ ಒತ್ತಡ ಏರ್ತಿದೆ. ಈ ವಾರದಲ್ಲಿ ತೆಗೀಬೇಕು. ಬಿಟ್ಟರೆ ಆಮೇಲೆ ಆಪರೇಷನ್ ಮಾಡಿದರೂ ಈ ಕಣ್ಣು ಬರೋದಿಲ್ಲ,” ಎಂದರು.

ಶಿವಲಿಂಗಮ್ಮನ ಮನೆಗೂ ಬಡವರ ರೇಷನ್ ಕಾರ್ಡ್ ಇತ್ತು, ಅವಳಿಗೂ ಆಪರೇಷನ್ ಪುಕ್ಕಟೆ. ಲೆನ್ಸು, ಔಷಧ, ಕರಿ ಕನ್ನಡಕ, ಊಟ ಎಲ್ಲ ಪುಕ್ಕಟೆ ಎಂದು ಬಿಡಿಸಿ ಹೇಳಿದೆ. ಅವಳು ತಲೆಯಾಡಿಸುತ್ತ ಕೇಳಿದಳು. ತಿಂಗಳು ಬಗ್ಗುವಂತಿಲ್ಲ, ಕೆಸರಿಗಿಳಿಯುವಂತಿಲ್ಲ ಎಂದ ಕೂಡಲೇ ಎದ್ದು ನಿಂತಳು.

“ಹಂಗಾರ ಬ್ಯಾಡ್ರೀ. ನಾ ಕುಂತ್ರ ನಮ್ಮ ಮನಿಯಿಂದ ಬದಲಿ ಯಾರದಾರ? ಮಗಳನ್ನ ಲಿಂಗಸುಗೂರಿಗೆ ಕೊಟ್ಟೀವಿ. ಒಂದು ಸಲ ಜಾಗ ಹೋತಂದ್ರ ಬ್ಯಾಸಗಿ ಬೆಳಿಗೂ ಕರೆಯಂಗಿಲ್ಲ.”

ಹೋಗೇಬಿಟ್ಟಳು. ಗೋಡೆ ಹಿಡಿದುಕೊಂಡು, ಮೆಟ್ಟಿಲನ್ನು ಕಾಲಿನಿಂದ ಹುಡುಕಿಕೊಂಡು ಹೋದಳು. ಸರಕಾರ ಆಪರೇಷನ್ನಿಗೆ ದುಡ್ಡು ಕಟ್ಟುತ್ತದೆ, ಸಾಲು ಹಿಡಿಯಲು ಅದು ಬರುವುದಿಲ್ಲ. ನನ್ನ ಮೈ ಉರಿದುಹೋಯಿತು. ಯಾರ ಮೇಲೆ ಎಂದು ಕೇಳಬೇಡಿ, ಆಗ ನನಗೂ ಗೊತ್ತಿರಲಿಲ್ಲ.

ಮಧ್ಯಾಹ್ನ ರಜೆ ಕೇಳಿ ರಾಯಚೂರು ಬಸ್ ಹತ್ತಿದೆ. ಜವಳಗೇರಾದಲ್ಲಿ ಇಳಿದು ಸಸಿ ಒಯ್ಯುವ ಟ್ರ್ಯಾಕ್ಟರಿನಲ್ಲಿ ಗದ್ದೆ ತನಕ ಹೋದೆ. ಹತ್ತಾರು ಹೆಂಗಸರು ಸೀರೆ ಎತ್ತಿ ಕಟ್ಟಿ, ಬಗ್ಗಿ, ಹಿಂದೆ ಹಿಂದೆ ಸರಿಯುತ್ತ ಸಸಿ ಹಚ್ಚುತ್ತಿದ್ದರು. ಶಿವಲಿಂಗಮ್ಮ ನನಗಿಂತ ಮುಂಚೆ ಬಂದು ಆಗಲೇ ಕೆಸರಿನಲ್ಲಿದ್ದಳು. ಪಕ್ಕದಲ್ಲಿ ಮುಂಗೈ ತುಂಬ ಬಳೆ ತೊಟ್ಟ ದಪ್ಪ ಹೆಂಗಸು. ಅವಳೇ ಆದಮ್ಮ. ಬದುವಿನ ಮೇಲೆ ಆದಮ್ಮನ ಗಂಡ ನರಸಣ್ಣ, ಶಿವಲಿಂಗಮ್ಮನ ಗಂಡ ದುರುಗಪ್ಪ, ಅಣ್ಣತಮ್ಮರಿಬ್ಬರೂ ಸಸಿಯ ಕಟ್ಟುಗಳನ್ನು ಎಸೆದು ಮುಗಿಸಿ ಬೀಡಿ ಹಚ್ಚಿ ಕೂತಿದ್ದರು.

ಬದುವಿನ ಮೇಲಿಂದಲೇ ಬಾಯಿ ಮಾಡಿದೆ. “ಶಿವಲಿಂಗಮ್ಮ, ಈ ವಾರ ಬರ್ಲಿಲ್ಲಂದ್ರ ಆ ಕಣ್ಣು ಹೋಕ್ಕೈತಿ! ಡಾಕ್ಟರ್ ಹೇಳಿದ್ದು ಮನಿಯಾಗ ಹೇಳೀಯೇನು?”

ಕೆಲಸ ನಿಂತಿತು. ಗ್ಯಾಂಗಿನ ಯಜಮಾನಿ ಪಾರ್ವತೆಮ್ಮ ಸೊಂಟ ಹಿಡಿದು ಎದ್ದಳು. “ಕಣ್ಣು ಹೋದಾಕಿ ಸಾಲು ಹೆಂಗ ಹಚ್ತಾಳ್ರೀ? ದಿನಾ ಹಚ್ತಾಳಲ್ಲ?”

ಶಿವಲಿಂಗಮ್ಮ ಸಸಿಯ ಹಿಡಿಯನ್ನೇ ನೋಡುತ್ತ ಮೆಲ್ಲಗೆ ಹೇಳಿದಳು. “ಅಕ್ಕನ ಕೈಬಳಿ ಸಪ್ಪಳ ಕೇಳ್ಕೋತ ಹಚ್ತೀನಿ. ಆಕಿ ಕೈ ಎಲ್ಲಿಗೆ ಬಂತು, ನನ್ನ ಕೈ ಅಲ್ಲಿಗೆ.”

ಆದಮ್ಮ ಬಾಯಿ ತೆರೆದು ನಿಂತಳು. “ಲೇ ಶಿವಲಿಂಗಿ! ನಾ ನಿನ್ನ ಸಾಲು ಕಾಲಿಲೆ ಮುಟ್ಟಿ ನೋಡ್ಕೋತ ಹಚ್ಚಾಕತ್ತೀನಲ್ಲಬೇ! ನಿನಗ ಚಲೋ ಕಾಣ್ತೈತಿ ಅಂತ!”

ಗದ್ದೆಯಲ್ಲಿ ಎದ್ದ ನಗುವಿಗೆ ಕೊಕ್ಕರೆಗಳು ಹಾರಿಹೋದವು. “ಅದಕ್ಕs ನಿಮ್ಮಿಬ್ಬರ ಸಾಲು ದಿನಾ ಕಾಲುವಿ ಕಡಿಗೆ ನೀರು ಕುಡಿಯಾಕ ಹೊಂಟಿರ್ತಾವಲ್ಲ!” ಎಂದು ಪಾರ್ವತೆಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆದಮ್ಮನೂ ನಕ್ಕಳು, ಶಿವಲಿಂಗಮ್ಮನೂ ನಕ್ಕಳು. ನಾನು ನಕ್ಕೆನೆಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ನಕ್ಕೆ.

ನಗು ಮುಗಿದ ಮೇಲೆ ಉಳಿದದ್ದು ತಂಟೆ. ಒಬ್ಬಳು ಹೋದರೆ ಇನ್ನೊಬ್ಬಳಿಗೆ ಹಚ್ಚಲಾಗದು. ಹಾಗಾಗಿ ಇಬ್ಬರೂ ಹೋಗಬೇಕು, ಒಂದೇ ಮನೆಯಿಂದ ಇಬ್ಬರು ಬದಲಿ ಬೇಕು. ಪಾರ್ವತೆಮ್ಮನ ನಗು ನಿಂತಿತ್ತು.

“ಮೇಡಂ, ನಾ ಕೆಟ್ಟಾಕಿ ಅಲ್ರೀ. ಒಬ್ಬರಿಗೆ ಬಿಟ್ರ ನಾಳಿ ಎಲ್ಲಾರೂ ಕೇಳ್ತಾರ. ಮನಿಯವರು ಯಾರರ ಬರಲಿ, ಜಾಗ ನಾ ಕೊಡತೀನಿ.”

“ಯಾರರ ಅಂದ್ರ ಯಾರರ?” ಎಂದು ಕೇಳಿದೆ.

“ಕೈಕಾಲು ಇದ್ದವರು ಯಾರಾದ್ರೂ ನಡೀತೈತಿ.”

ನಾನು ಬದುವಿನ ಮೇಲೆ ತಿರುಗಿ ನೋಡಿದೆ. ನಾನು ನೋಡಿದ ಕಡೆಗೇ ಇಡೀ ಗ್ಯಾಂಗು ನೋಡಿತು. ನರಸಣ್ಣನ ಬೀಡಿ ಬೆರಳಲ್ಲೇ ಆರಿತು.

“ಏನ್ರೀ ಮೇಡಂ, ಗಂಡಸರು ನೆಲ್ಲು ಹಚ್ತಾರೇನು?” ಎಂದ.

“ಕಣ್ಣಿಗೆ ಬದಲಿ ಆಳು ಕಳಿಸಿದ ಶಾಣ್ಯಾ ಯಾರು?” ಎಂದೆ. “ನೀವs ಅಲ್ಲ? ಮನ್ಯಾಗ ಒಬ್ಬರಿಗಾಗಿ ಇನ್ನೊಬ್ಬರು ಹೋಗಬೇಕು ಅಂತ ನಿಮಗ ಗೊತ್ತೈತಲ್ಲ. ಇಳೀರಿ!”

“ಊರಾಗಿನ ಮಂದಿ ಏನಂತಾರ್ರೀ?”

ಆದಮ್ಮ ಗಂಡನ ಧ್ವನಿ ಬಂದ ಕಡೆ ಮುಖ ಮಾಡಿದಳು. ಈಗ ಅವಳ ಮುಖದಲ್ಲಿ ನಗು ಇರಲಿಲ್ಲ. “ಈಕಿ ನನ್ನ ಬಳಿ ಸಪ್ಪಳಕ್ಕ ಬದುಕ್ಯಾಳ. ನಾ ಸತ್ತ ಮ್ಯಾಲ ಈಕಿ ಯಾವ ಸಪ್ಪಳ ಕೇಳ್ಬೇಕು? ಮಂದಿ ಬಂದು ಬಳಿ ಬಾರಿಸ್ತಾರೇನು?”

ಮೊದಲು ಎದ್ದವನು ದುರುಗಪ್ಪ. ಪಂಚೆ ಮೇಲೆ ಕಟ್ಟಿ ಕೆಸರಿಗಿಳಿದು, ಹೆಂಡತಿಯ ಕೈಯಿಂದ ಸಸಿಯ ಹಿಡಿ ತೆಗೆದುಕೊಂಡ. “ನನಗರ ಹೇಳಬಾರದಾಗಿತ್ತೇನಬೇ?” ಎಂದಷ್ಟೇ ಕೇಳಿದ. ತಮ್ಮ ಇಳಿದ ಮೇಲೆ ಅಣ್ಣ ಮೇಲೆ ಕೂತಿರುವುದು ಹೇಗೆ? ನರಸಣ್ಣನೂ ಇಳಿದ. ಅವನ ಮೊದಲ ಸಾಲು ನೋಡಿ ಪಾರ್ವತೆಮ್ಮ ಹಣೆ ಬಡಿದುಕೊಂಡಳು, ಆದರೆ ಕೊಟ್ಟ ಮಾತು ತಪ್ಪಲಿಲ್ಲ.

ಶಿವಲಿಂಗಮ್ಮನ ಮಂಜೂರಾತಿಯೂ ಬಂತು. ಗುರುತಿಗೆಂದು ಒತ್ತಿಸಿದ ಆದಮ್ಮನ ಹೆಬ್ಬೆಟ್ಟನ್ನು ಯಂತ್ರ ಒಪ್ಪಲಿಲ್ಲ. ವರ್ಷಗಟ್ಟಲೆ ಕೆಸರಿನಲ್ಲಿ ಸಸಿ ಊರಿ ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಮುಖದ ಫೋಟೋ ಹಿಡಿದು ಕೆಲಸ ಮುಗಿಸಿದೆ. ಇಬ್ಬರಿಗೂ ಒಂದೇ ದಿನ ಒಂದೊಂದು ಕಣ್ಣಿನ ಆಪರೇಷನ್ ಆಯಿತು.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚುವಾಗ ನಾನೂ ವಾರ್ಡಿನಲ್ಲಿದ್ದೆ. ಕೆಲಸ ಏನೂ ಇರಲಿಲ್ಲ, ಸುಮ್ಮನೆ ನಿಂತಿದ್ದೆ. ಪಕ್ಕದ ಮಂಚದಲ್ಲಿ ಕೂತ ಆದಮ್ಮ ಕೈ ಅಲ್ಲಾಡಿಸಿ ಬಳೆ ಸದ್ದು ಮಾಡುತ್ತಿದ್ದಳು. “ಹೆದರಬ್ಯಾಡ ಶಿವಲಿಂಗಿ, ಇಲ್ಲೇ ಅದೀನಿ.”

ಪಟ್ಟಿ ಬಿಚ್ಚಿ ಡಾಕ್ಟರು ಬೆರಳು ತೋರಿಸಿ ಎಷ್ಟು ಎಂದು ಕೇಳಿದರು. ಶಿವಲಿಂಗಮ್ಮ ಬೆರಳು ನೋಡಲೇ ಇಲ್ಲ. ಅವರ ಕೈಯನ್ನು ಪಕ್ಕಕ್ಕೆ ಸರಿಸಿ ಆಚೆ ನೋಡಿದಳು.

“ಅಕ್ಕಾ, ಕೆಂಪು ಬಳಿ ಯಾವಾಗ ಹಾಕ್ಕೊಂಡಿ? ಹಸಿರು ಅಂತ ತಿಳ್ಕೊಂಡಿದ್ನಲ್ಲ.”

“ಭಾಳ ದಿನ ಆತಲ್ಲಬೇ,” ಎಂದಳು ಆದಮ್ಮ. ಕೈ ಇನ್ನೂ ಆಡುತ್ತಲೇ ಇತ್ತು.

“ಸಾಕು, ಸಪ್ಪಳ ಮಾಡಬ್ಯಾಡ. ನನಗ ಕಾಣಾಕತ್ತೈತಿ.”

ಆದಮ್ಮನ ಕೈ ನಿಂತಿತು. ನಾನು ಹೊರಗೆ ಬಂದು ಅತ್ತುಬಿಟ್ಟೆ. ಮಸ್ಕಿಯ ಹೊಸ್ತಿಲು ನೆನಪಾಯಿತು, ನಾವು ತಟ್ಟಿದ ಚಪ್ಪಾಳೆ ನೆನಪಾಯಿತು. ನನ್ನ ಸಿಟ್ಟು ನಮ್ಮ ಮನೆಯವರ ಮೇಲೆಯೇ ಎಂಬುದು ಆಗ ತಿಳಿಯಿತು. ಅಜ್ಜಿಯ ಕಣ್ಣಿಗಾಗಿ ನಾವು ಆಸ್ಪತ್ರೆಗೆ ಒಬ್ಬ ಬದಲಿ ಆಳನ್ನೂ ಕಳಿಸಿರಲಿಲ್ಲ.

ಹೊತ್ತು ನೋಡಿ ಮೇಲಿನ ಕಚೇರಿಯ ಸುನೀಲ ಸರ್ ಫೋನು ಬಂತು. ಖರ್ಚಿನ ಮೇಲೆ ಕಣ್ಣಿಡುವುದು ಅವರ ಕೆಲಸ. ನಿಮ್ಮ ಕಡೆ ಇಷ್ಟೊಂದು ಕೇಸು ಹೆಚ್ಚಾಗಾಕ ಕಾರಣ ಏನು, ಹೊಸದಾಗಿ ಎಲ್ಲಿಂದ ಬರಾಕತ್ತಾವು ಎಂದು ಕೇಳಿದರು.

“ಹೊಸಾವಲ್ಲ ಸರ್,” ಎಂದೆ. “ಮೊದಲಿಂದಾನೂ ಇದ್ವು. ಮನಿಯಾಗ ಕುಂತಿದ್ವು.”

ಇನ್ನೂ ಏನೋ ಹೇಳುವವಳಿದ್ದೆ. ಅಷ್ಟರಲ್ಲಿ ಗೇಟಿನಲ್ಲಿ ಟಂಟಂ ಆಟೋ ಒಂದು ನಿಂತು, ಕೈಯಲ್ಲಿ ಕಾರ್ಡ್ ಹಿಡಿದ ಪಾರ್ವತೆಮ್ಮ ಇಳಿದಳು. ಗ್ಯಾಂಗನ್ನು ನರಸಣ್ಣನ ಕೈಗೆ ಕೊಟ್ಟು ಬಂದಿದ್ದಳಂತೆ.

“ಮೇಡಂ, ಅವನ ಸಾಲು ಸೊಟ್ಟ ಐತೋ, ನನ್ನ ಕಣ್ಣು ಸೊಟ್ಟ ಐತೋ, ಒಂದು ಸಲ ನೋಡಿಬಿಡ್ರೀ,” ಎಂದಳು. ನಾನು ಹೆಸರು ಕೇಳಿ ಬರೆದುಕೊಂಡೆ.